ಮಂಗಳನ ಮನೆಯ ಬಾಗಿಲಲ್ಲಿ

“ಬೂಟು ಬಿಚ್ಚಬ್ಯಾಡ್ರವಾ! ಮೊದಲ ಆಕೀನ್ನ ಒಳಗ ತರ್ರಿ!” ಎಂದು ನಾನು ಕಿರುಚಿದ್ದು ಅದು ನಾಲ್ಕನೆಯ ಸಲ.

ಮಂಗಳ ಗ್ರಹ ಭೂಮಿಗೆ ತೀರಾ ಹತ್ತಿರ ಬಂದಿದ್ದ ವರ್ಷ. ಸವದತ್ತಿಯ ನಮ್ಮ ಹೈಸ್ಕೂಲಿನ ಹಿಂದೆ ವಿಜ್ಞಾನ ಪ್ರದರ್ಶನಕ್ಕೆಂದು ತಾಡಪತ್ರಿಯ ‘ಮಂಗಳನ ಮನೆ’ ಕಟ್ಟಿದ್ದೆವು. ಮೂರು ದಿನದಿಂದ ನನ್ನ ವಿದ್ಯಾರ್ಥಿನಿಯರು ಹಗಲೆಲ್ಲ ಅದರೊಳಗೇ ಇದ್ದು, ಒಣಗಿಸಿದ ಕಟಕ ರೊಟ್ಟಿ ತಿಂದು, ಅಳೆದ ನೀರು ಕುಡಿಯುತ್ತಿದ್ದರು. ಅದರಲ್ಲೇನೂ ತಪ್ಪುತ್ತಿರಲಿಲ್ಲ. ತಪ್ಪುತ್ತಿದ್ದದ್ದು ರಕ್ಷಣೆಯ ತಾಲೀಮು. ಹೊರಗೆ ಪ್ರಜ್ಞೆ ತಪ್ಪಿ ಬಿದ್ದ ಶೈಲಾಳಿಗೆ ಮೂರೇ ನಿಮಿಷದ ಆಮ್ಲಜನಕ. ಗೆಳತಿಯರಿಬ್ಬರು ಓಡೋಡಿ ಹೊತ್ತು ತರುತ್ತಿದ್ದರು. ಬಾಗಿಲಿಗೆ ಬಂದದ್ದೇ ಅವಳನ್ನು ನೆಲಕ್ಕಿಳಿಸಿ ಲೇಸು ಬಿಚ್ಚುತ್ತ ಕೂರುತ್ತಿದ್ದರು. ಶೈಲಾ ಪ್ರತಿ ಸಲ ಹೊಸ್ತಿಲಲ್ಲೇ ಸಾಯುತ್ತಿದ್ದಳು.

ಐದನೆಯ ಸಲವಂತೂ ಪ್ರಜ್ಞೆ ತಪ್ಪಿದ್ದ ಶೈಲಾಳೇ ತನ್ನ ಬೂಟು ಬಿಚ್ಚಲೆಂದು ಕಾಲೆತ್ತಿ ಹಿಡಿದಳು! ಕಣ್ಣು ಮುಚ್ಚಿಕೊಂಡೇ ಕೇಳಿದಳು: “ಮನಿ ಒಳಗ ಬೂಟು ಹಾಕ್ಕೊಂಡು ಹೆಂಗ ಬರಬೇಕ್ರಿ ಸರ್?”

ಬೈಯಲೆಂದು ಒಳಗಿನಿಂದ ಧಾವಿಸಿ ಬಂದೆ. ಬಿಸಿಲಿಗೆ ಕಾದ ಮಣ್ಣು ಅಂಗಾಲಿಗೆ ಚುರ್ರೆಂದಿತು. ನನ್ನ ಚಪ್ಪಲಿಗಳು ಶೈಲಾಳ ತಲೆಯ ಪಕ್ಕದಲ್ಲೇ ಇದ್ದವು, ಬೆಳಿಗ್ಗೆ ನಾನೇ ಬಿಟ್ಟಲ್ಲಿ.

ಮರುದಿನ ಆಮ್ಲಜನಕವನ್ನು ನಾಲ್ಕು ನಿಮಿಷಕ್ಕೆ ಏರಿಸಿದೆ, ಒಂದು ನಿಮಿಷ ಬೂಟಿಗೆಂದು. ಶೈಲಾ ಬದುಕಿದಳು.