ನನ್ನ ಅಳತೆಗೆ ಬಂದ ಬೈಕು

ನಲವತ್ತಾರನೇ ವಯಸ್ಸಿನಲ್ಲಿ ನಾನು ಸ್ಕೂಟರ್ ಕೊಟ್ಟು ಮೋಟಾರ್‌ಸೈಕಲ್ ತಂದಾಗ ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಬಿಲ್ಡಿಂಗಿನವರು ಅದು ಪುಣೆಯಲ್ಲಿ ಓದುತ್ತಿರುವ ಮಗಳಿಗೆಂದೇ ತಿಳಿದು ಪೇಢೆ ಕೇಳಿದರು. ನನಗೇ ಎಂದಾಗ ಲಿಫ್ಟಿನಲ್ಲಿದ್ದವರೆಲ್ಲ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

ನನ್ನ ಗಂಡ ಬೈಕಿನ ಹತ್ತಿರವೂ ಬರಲಿಲ್ಲ. ಅದಕ್ಕೆ ಅವರದೇ ಕಾರಣವಿತ್ತು. ಉಡುಪಿ ಕಡೆಯಿಂದ ಬಂದು ಹೋಟೆಲ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಗೆಳೆಯನ ಬೈಕಿನ ಹಿಂದೆ ಕೂತು ಹೋಗುವಾಗ ಬಿದ್ದು ಭುಜದ ಎಲುಬು ಮುರಿದುಕೊಂಡಿದ್ದರು. ಅಂದಿನಿಂದ ದ್ವಿಚಕ್ರದ ಮೇಲೆ ಕೂತವರಲ್ಲ. ನೌಪಾಡಾದ ಹೋಟೆಲಿನಲ್ಲಿ ಈಗ ಗಲ್ಲಾ ನೋಡಿಕೊಳ್ಳುವ ಅವರು ಸ್ಟೇಷನ್ನಿಗೆ ನಡೆದೇ ಹೋಗುತ್ತಾರೆ. ನನ್ನ ಸ್ಕೂಟರನ್ನೂ ಒಮ್ಮೆಯೂ ಹತ್ತಿರಲಿಲ್ಲ.

ನವಿ ಮುಂಬೈಯ ಆಫೀಸಿಗೆ ಒಂದಷ್ಟು ದಿನ ಓಡಿಸಿ ಧೈರ್ಯ ಬಂದ ಮೇಲೆ, ಒಂದು ಬೆಳಿಗ್ಗೆ ಒಬ್ಬಳೇ ಮಾಳ್ಶೇಜ್ ಘಾಟಿಗೆ ಹೊರಟೆ. ಮುರ್ಬಾಡದವರೆಗೆ ಖುಷಿಯೋ ಖುಷಿ. ಘಾಟಿಯ ತಿರುವುಗಳು ಶುರುವಾದವು ನೋಡಿ, ಬೈಕು ನನ್ನದಲ್ಲ ಅನ್ನಿಸತೊಡಗಿತು. ಹ್ಯಾಂಡಲ್ ದೂರ, ತೋಳು ಪೂರ್ತಿ ಚಾಚಬೇಕು. ಕ್ಲಚ್ ಹಿಡಿದು ಹಿಡಿದು ಎಡಗೈ ಬೆರಳು ಜೋಮು ಹಿಡಿದವು. ಕಡಿದಾದ ಒಂದು ಎಡ ತಿರುವಿನಲ್ಲಿ ಮೇಲಿಂದ ಸರ್ಕಾರಿ ಎಸ್‌ಟಿ ಬಸ್ಸು ಅಗಲವಾಗಿ ತಿರುಗಿಸಿಕೊಂಡು ಬಂತು. ಬ್ರೇಕ್ ಒತ್ತಿ ಎಡಗಾಲು ಇಳಿಸಿದೆ. ಅಲ್ಲಿ ರಸ್ತೆ ಒಳಕ್ಕೆ ಇಳಿಜಾರು. ಮೊದಲೇ ತುದಿಬೆರಳಷ್ಟೇ ನೆಲಕ್ಕೆ ತಾಗುವ ನನ್ನ ಕಾಲಿಗೆ ಏನೂ ಸಿಗಲಿಲ್ಲ. ಬೈಕು ಮೆಲ್ಲನೆ ಮಲಗಿತು, ಅದರ ಜೊತೆ ನಾನೂ.

ಬಸ್ಸು ನಿಲ್ಲಿಸಿ ಕಂಡಕ್ಟರ್ ಓಡಿ ಬಂದ. ಪೆಟ್ಟಾಯಿತೇ ಎಂದು ಮರಾಠಿಯಲ್ಲಿ ಕೇಳುತ್ತಲೇ ಬೈಕು ಎತ್ತಿ ನಿಲ್ಲಿಸಿದ, ಬಾಟಲಿಯ ನೀರು ಕುಡಿಸಿದ, ನಾನು ಮತ್ತೆ ಸ್ಟಾರ್ಟ್ ಮಾಡುವವರೆಗೂ ಬಸ್ಸು ಬಿಡಗೊಡಲಿಲ್ಲ. ಕಿಟಕಿಗಳಿಂದ ಒಬ್ಬರೂ ಗೊಣಗಲಿಲ್ಲ. ಅವನ ಮುಖ ಈಗ ನೆನಪಿಲ್ಲ, ಆ ನೀರಿನ ತಂಪು ನೆನಪಿದೆ.

ಮನೆಗೆ ಬಂದಾಗ ಚಹಾದ ಲೋಟ ಹಿಡಿಯಲೂ ಬೆರಳು ಮಡಚುತ್ತಿರಲಿಲ್ಲ. "ಮಾರಿಬಿಡ್ತೇನೆ" ಎಂದೆ. ಗಂಡ ಸಮಾಧಾನದ ಉಸಿರು ಬಿಡುತ್ತಾರೆಂದುಕೊಂಡಿದ್ದೆ.

"ಈಗಲೇ ಮಾರುವುದೆಂತಕ್ಕೆ? ರೆಡಿಮೇಡ್ ಚೂಡಿದಾರ್ ಕೂಡ ನೀನು ಆಲ್ಟರ್ ಮಾಡಿಸದೆ ಹಾಕ್ತೀಯಾ?" ಎಂದರು. "ನಾಳೆ ನಾನು ಲೇಟಾಗಿ ಹೋಗ್ತೇನೆ. ಎಲ್ಲಿ ತೊಂದರೆ ಅಂತ ನೋಡುವ."

ಮರುದಿನ ಕಾಂಪೌಂಡಿನೊಳಗೆ ನನ್ನನ್ನು ನಿಧಾನವಾಗಿ ಸುತ್ತು ಹೊಡೆಸಿ ಮೊಬೈಲಿನಲ್ಲಿ ವಿಡಿಯೊ ಮಾಡಿದರು. ಅದನ್ನು ನೋಡಿ ಇಬ್ಬರಿಗೂ ನಗು ಬಂತು: ಭುಜ ಕಿವಿಗೆ ತಾಗುವಂತೆ ಏರಿಸಿ, ಕೈ ಕೋಲಿನ ಹಾಗೆ ನೆಟ್ಟಗೆ ಮಾಡಿಕೊಂಡು, ಲೋಕಲ್ ರೈಲಿನ ಬಾಗಿಲಲ್ಲಿ ಜೋತುಬಿದ್ದವಳಂತೆ ಕಾಣುತ್ತಿದ್ದೆ. ಬೋಲ್ಟ್ ಸಡಿಲಿಸಿ ಹ್ಯಾಂಡಲನ್ನು ನನ್ನ ಕಡೆಗೆ ತಿರುಗಿಸಿದೆವು. ಮಣಿಕಟ್ಟು ಬಾಗದಂತೆ ಕ್ಲಚ್ಚಿನ ಲಿವರನ್ನು ಕೆಳಕ್ಕೆ ಇಳಿಸಿದೆವು. ಒಂದು ಸಲ ಅತಿಯಾಯಿತು, ಹ್ಯಾಂಡಲ್ ತಿರುಗಿಸಿದರೆ ಮೊಣಕಾಲಿಗೆ ತಾಗತೊಡಗಿತು, ಮತ್ತೆ ಬಿಚ್ಚಿದೆವು. ಸೀಟನ್ನು ವಿಠ್ಠಲವಾಡಿಯ ಸೀಟ್ ಕವರ್ ಅಂಗಡಿಗೆ ಒಯ್ದು ತೊಡೆ ತಾಗುವ ಎರಡೂ ಬದಿಯ ಫೋಮ್ ಕೊರೆಸಿದೆವು. ಅದನ್ನು ತಂದು ಜೋಡಿಸಿ ಬೈಕಿನ ಮೇಲೆ ಕೂತು ನೋಡಿದಾಗ ನನ್ನ ಪಾದದ ಮುಂಭಾಗ ಪೂರ್ತಿ ನೆಲಕ್ಕೆ ಊರಿತು. ಅಲ್ಲೇ ಕಾಂಪೌಂಡಿನಲ್ಲಿ ಕಣ್ಣು ತುಂಬಿಬಂತು. ಬೈಕೆಂದರೆ ಭಯಪಡುವ ಮನುಷ್ಯ ನನಗಾಗಿ ಕೈತುಂಬ ಗ್ರೀಸು ಮಾಡಿಕೊಂಡು ನಿಂತಿದ್ದರು.

ಮುಂದಿನ ರಜೆಯ ದಿನ ಹೊರಡುವಾಗ ಅವರು ಮಗಳ ಹಳೇ ಹೆಲ್ಮೆಟ್ ಹಿಡಿದು ಕೆಳಗೆ ಬಂದರು.

"ನೀವೆಲ್ಲಿಗೆ?"

"ನಿನ್ನನ್ನು ಒಬ್ಬಳೇ ಕಳಿಸಿ ಮನೆಯಲ್ಲಿ ಕೂರ್ಲಿಕ್ಕೆ ನನ್ನಿಂದ ಆಗುದಿಲ್ಲ, ಮಾರಾಯ್ತಿ. ಅದಕ್ಕಿಂತ ಹಿಂದೆ ಕೂತು ಹೆದರುವುದು ಒಳ್ಳೇದು."

ಇಬ್ಬರ ಭಾರಕ್ಕೆ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿಕೊಂಡು ಹೊರಟೆವು. ಕಲ್ಯಾಣ ದಾಟಿ ಶಹಾಡ್ ಬರುವವರೆಗೂ ಅವರು ಉಸಿರಾಡಿದ್ದು ನನಗೆ ಕೇಳಿಸಲಿಲ್ಲ. ಘಾಟಿಯ ಮೊದಲ ತಿರುವುಗಳಲ್ಲಿ ನಾನು ಎಡಕ್ಕೆ ವಾಲಿದರೆ ಅವರು ಬಲಕ್ಕೆ ವಾಲುತ್ತಿದ್ದರು. ಬೈಕು ಮೊಂಡುತನ ಮಾಡುತ್ತಿತ್ತು.

"ತಿರುವು ಯಾವ ಕಡೆಗೋ ಆ ಕಡೆಯ ನನ್ನ ಭುಜದ ಮೇಲಿಂದ ಮುಂದೆ ನೋಡಿ, ಅಷ್ಟೇ ಸಾಕು" ಎಂದು ಕೂಗಿದೆ. ನಾಲ್ಕಾರು ತಿರುವುಗಳಲ್ಲೇ ಅವರಿಗೆ ಹದ ಸಿಕ್ಕಿತು. ನಾನೂ ಮೊಣಕಾಲಿನಿಂದ ಟ್ಯಾಂಕನ್ನು ಒತ್ತಿ ಹಿಡಿದು ಕೈಗಳನ್ನು ಹಗುರ ಬಿಟ್ಟೆ. ಬಿದ್ದಿದ್ದ ತಿರುವು ಬಂತು. ಹಾರ್ನ್ ಕೇಳಿಸಿದ್ದರಿಂದ ತಿರುವಿಗೆ ಮೊದಲೇ, ಸಮವಾದ ಜಾಗದಲ್ಲಿ ನಿಂತೆ. ಟ್ರಕ್ಕೊಂದು ಇಳಿದು ಹೋಯಿತು. ಕಾಲು ಭದ್ರವಾಗಿ ನೆಲದ ಮೇಲಿತ್ತು.

"ಇದೇ ಜಾಗವಾ?" ಎಂದರು.

"ಇದೇ."

ಅವರ ಕೈ ನನ್ನ ಬೆನ್ನ ಮೇಲೆ ಒಂದು ಗಳಿಗೆ ಇತ್ತು. ಮತ್ತೆ ಹೊರಟೆವು.

ಮೇಲೆ ತಲುಪಿ ಮೋಡ ಹತ್ತಿಬರುವುದನ್ನು ನೋಡುತ್ತ ಸುಟ್ಟ ಜೋಳ ತಿಂದೆವು. ವಾಪಸು ಹೋಗೋಣವೇ ಎಂದು ನಾನೇ ಕೇಳಿದೆ. ಅವರು ರಸ್ತೆಯ ಕಡೆ ನೋಡಿದರು.

"ಇದು ಮುಂದೆ ಎಲ್ಲಿಗೆ ಹೋಗ್ತದೆ?"

"ಜುನ್ನರ್ ಕಡೆಗೆ."

"ಹಾಗಾದ್ರೆ ಊಟ ಅಲ್ಲಿಯೇ ಮಾಡುವ" ಎಂದು ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡರು.