ಪುಸ್ತಕ ಹೊಲಿಯುವ ಬೆರಳು

ನಮ್ಮನೆಯವರು ಬೈಂಡರು. ಹರಿದ ಪುಸ್ತಕ, ಕೋರ್ಟಿನ ಕಡತ, ಶಾಲೆಯ ಹಾಜರಿ ಪುಸ್ತಕ, ಏನು ಕೊಟ್ಟರೂ ಹೊಲಿದು, ಅಂಟಿಸಿ, ರಟ್ಟು ಹಾಕಿ ಹೊಸದು ಮಾಡಿಕೊಡುತ್ತಾರೆ. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಮಾತಿನಲ್ಲಿ ಮಹಾ ಜಿಪುಣ. ಉಪ್ಪು ಕಡಿಮೆ ಎನ್ನುವುದನ್ನೂ ಕಣ್ಣಲ್ಲೇ ಹೇಳಿ ಮುಗಿಸುವ ಆಸಾಮಿ. ಅಂಥವರು ಕಾಲಲ್ಲಿ ಇರುವೆ ಹರಿದಂತಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಿದಾಗಲೇ ಇದು ಸಣ್ಣ ಸಂಗತಿಯಲ್ಲ ಅಂದುಕೊಂಡಿದ್ದೆ.

ವರ್ಷದೊಳಗೆ ಆ ಇರುವೆ ಕೈಗೂ ಬಂತು. ಒಂದು ದಿನ ಚಪ್ಪಲಿ ಕಳಚಿದ್ದು ಗೊತ್ತಾಗದೆ ಒಂದೇ ಕಾಲಿನ ಚಪ್ಪಲಿಯಲ್ಲಿ ಮನೆಗೆ ಬಂದರು. ನಾನು ಜೋರಾಗಿ ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ಸಕ್ಕರೆ ಕಾಯಿಲೆ ಇರಬೇಕು ಎಂದರು ಒಬ್ಬ ಡಾಕ್ಟರು, ಕತ್ತಿನ ಮೂಳೆ ಎಂದರು ಇನ್ನೊಬ್ಬರು. ಎರಡೂ ಆಗಿರಲಿಲ್ಲ. ಕೊನೆಗೆ ನರದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ, ಹೊಟ್ಟೆಯೊಳಗೆ ನಳಿಗೆ ಇಳಿಸಿ ನೋಡಿಸಿ, ಸೀಲಿಯಾಕ್ ಎಂಬ ಹೆಸರು ಹೇಳಿದರು. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಶ ಇವರಿಗೆ ಆಗುವುದಿಲ್ಲವಂತೆ. ಅದು ಒಳಗೆ ಹೋದರೆ ಮೈ ತನ್ನ ಕರುಳಿನ ಮೇಲೆ ತಾನೇ ತಿರುಗಿ ಬೀಳುತ್ತದಂತೆ, ಕೆಲವರಲ್ಲಿ ನರಗಳ ಮೇಲೂ.

"ಇವ್ರಿಗೆ ಹೊಟ್ಟೆನೋವೇ ಇಲ್ವಲ್ಲ?" ಎಂದೆ.

"ಎಲ್ರಿಗೂ ಇರ್ಬೇಕು ಅಂತೇನಿಲ್ಲಮ್ಮ. ಇವ್ರಿಗೆ ನರದಲ್ಲೇ ತೋರಿಸ್ಕೊಂಡಿದೆ. ಗೋಧಿ ಪೂರ್ತಿ ಬಿಟ್ರೆ ಇಲ್ಲಿಗೇ ನಿಲ್ಬಹುದು. ಬಿಡದಿದ್ರೆ ಹೊಲಿಯೋ ಕೆಲಸ ಮರೀಬೇಕಾಗುತ್ತೆ."

ಆ ಕೆಲಸ ಮರೆತರೆ ಈ ಮನುಷ್ಯ ಮರೆಯದೆ ಇಟ್ಟುಕೊಳ್ಳುವುದಕ್ಕೆ ಬೇರೇನೂ ಇಲ್ಲ. ಮನೆಗೆ ಬಂದವಳೇ ಚಪಾತಿ ಹಿಟ್ಟಿನ ಡಬ್ಬಿ, ಬ್ರೆಡ್ಡು, ಬಿಸ್ಕತ್ತು ಎಲ್ಲವನ್ನೂ ಪಕ್ಕದ ಮನೆಗೆ ದಾಟಿಸಿದೆ. ಪಾತ್ರೆಗಳನ್ನು ತಳ ಸವೆಯುವಂತೆ ಉಜ್ಜಿದೆ.

ಏಳು ತಿಂಗಳು ಕಳೆದರೂ ರಕ್ತದ ರಿಪೋರ್ಟಿನ ಅಂಕಿ ಇಳಿಯಲಿಲ್ಲ. "ಎಲ್ಲಿಂದಲೋ ಒಳಗೆ ಹೋಗ್ತಾ ಇದೆ," ಎಂದರು ಡಾಕ್ಟರಮ್ಮ. ನಾನು ಗಂಡನ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರ್ ನೋಡಿದರು.

"ರೀ, ಕದ್ದು ಏನ್ ತಿಂತಿದ್ದೀರಾ? ನಿಜ ಹೇಳಿ," ಎಂದು ಬಸ್ಸಿನಲ್ಲೇ ಶುರು ಮಾಡಿದೆ.

"ಏನೂ ಇಲ್ಲ ಕಣೇ."

"ಹಾಗಾದ್ರೆ ಗಾಳೀಲಿ ಬರುತ್ತಾ?"

ಅವರು ಮಾತು ಬಿಟ್ಟರು. ಬಿಟ್ಟಿದ್ದಾರೆ ಎಂದು ಗೊತ್ತಾಗುವುದಕ್ಕೇ ನನಗೆ ಒಂದು ದಿನ ಹಿಡಿಯಿತು.

ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ ಸುತ್ತಿ ಸುತ್ತಿ ಸಾಕಾಗಿ, ಮೂರನೆಯ ದಿನ ಮಧ್ಯಾಹ್ನ ಅವರ ಅಂಗಡಿಯ ಎದುರಿನ ಔಷಧಿ ಅಂಗಡಿಯ ಕಂಬದ ಹಿಂದೆ ಹೋಗಿ ನಿಂತೆ. ಸಿಕ್ಕಿಬಿದ್ದರೆ ಬೀದಿಯಲ್ಲೇ ಮರ್ಯಾದೆ ತೆಗೆಯಬೇಕು ಅಂತಲೇ ಹೋಗಿದ್ದೆ. ಟೀ ಬಂತು. ಜೊತೆಗೆ ಬಂದ ಬಿಸ್ಕತ್ತನ್ನು ಪಕ್ಕದ ಟೈಲರಿಗೆ ಕೊಟ್ಟು, ಬರೀ ಟೀ ಕುಡಿದರು. ನನಗೆ ನಾಚಿಕೆಯಾಗಿ ಹೊರಟೇಬಿಡುತ್ತಿದ್ದೆ. ಅಷ್ಟರಲ್ಲಿ ಅವರು ಕೆಲಸಕ್ಕೆ ಕೂತರು. ಬೆರಳಲ್ಲಿ ಅಂಟು ತೆಗೆದು ಪುಸ್ತಕದ ಬೆನ್ನಿಗೆ ಸವರಿದರು. ಬೆರಳನ್ನು ಬಟ್ಟೆಗೆ ಒರೆಸಿದರು. ಅದೇ ಬೆರಳನ್ನು ನಾಲಿಗೆಗೆ ತಾಗಿಸಿ ಮುಂದಿನ ಪುಸ್ತಕದ ಹಾಳೆ ಎಣಿಸತೊಡಗಿದರು. ಹಾಳೆ ಹಾಳೆಗೂ ನಾಲಿಗೆ.

ಆ ಅಂಟು ಮೈದಾ ಹಿಟ್ಟಿನದು. ಮೈದಾ ಎಂದರೆ ಗೋಧಿಯೇ. ದಿನಾ ಬೆಳಗ್ಗೆ ಅದನ್ನು ಗಂಟಿಲ್ಲದಂತೆ ಕಲಸಿ, ಕುದಿಸಿ, ಡಬ್ಬಿಗೆ ತುಂಬಿ, ಊಟದ ಡಬ್ಬಿಯ ಜೊತೆಗೇ ಚೀಲದಲ್ಲಿಟ್ಟು ಕಳಿಸುತ್ತಿದ್ದವಳು ನಾನು. ತಿನ್ನುವ ಹಿಟ್ಟನ್ನೆಲ್ಲ ಆಚೆ ಹಾಕಿದ ಜಾಣೆಗೆ ಅಂಟಿನ ಹಿಟ್ಟೂ ಹಿಟ್ಟೇ ಎಂದು ಹೊಳೆದಿರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಬೆರಳು ಬಾಯಿಗೆ ಹಾಕ್ಬೇಡ್ರೀ!" ರಸ್ತೆಯ ಆ ಕಡೆಯಿಂದಲೇ ಕಿರುಚಿದೆ. ಟೈಲರ್ ಮಿಷನ್ ನಿಲ್ಲಿಸಿದ. ಇವರು ನಾಲಿಗೆಯ ಮೇಲೆ ಬೆರಳಿಟ್ಟುಕೊಂಡೇ ನನ್ನನ್ನು ನೋಡಿದರು.

"ನೀನ್ಯಾವಾಗ ಬಂದೆ?"

ಮರುದಿನದಿಂದ ಕಾರ್ಖಾನೆಯ ಬಿಳಿ ಗೋಂದು, ಬೆರಳು ಒದ್ದೆ ಮಾಡಿಕೊಳ್ಳಲು ಸ್ಪಂಜು. ಆದರೂ ಕೈ ಬಾಯಿಯ ಕಡೆಗೇ ಹೋಗುತ್ತಿತ್ತು. ಹೋದಾಗಲೆಲ್ಲ ಕೆಮ್ಮುವಂತೆ ಟೈಲರಿಗೆ ಹೇಳಿಟ್ಟೆ. ಪಾಪ, ಒಂದು ತಿಂಗಳು ಕ್ಷಯ ಹಿಡಿದವನ ಹಾಗೆ ಕೆಮ್ಮಿದ.

ಐದು ತಿಂಗಳಿಗೆ ರಿಪೋರ್ಟಿನ ಅಂಕಿ ಇಳಿಯಿತು. "ಇನ್ನು ಮುಂದುವರೀಲಿಕ್ಕಿಲ್ಲ. ಆದ್ರೆ ಹೋಗಿರೋದೆಲ್ಲ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ," ಎಂದರು ಡಾಕ್ಟರಮ್ಮ. ಆ ಏಳು ತಿಂಗಳಲ್ಲಿ ಹೋದದ್ದು ಎಷ್ಟು ಎಂದು ಕೇಳಬೇಕೆನಿಸಿತು. ಧೈರ್ಯ ಸಾಲಲಿಲ್ಲ.

ಈಗ ಮಧ್ಯಾಹ್ನದ ಮೇಲೆ ನಾನೂ ಅಂಗಡಿಯಲ್ಲಿ ಕೂತು ಹೊಲಿಗೆ ಕಲಿಯುತ್ತಿದ್ದೇನೆ. ನಿನ್ನೆ ಒಂದು ದಪ್ಪ ನಿಘಂಟು ಹೊಲಿದು ಮುಗಿಸಿ ಅವರ ಮುಂದಿಟ್ಟೆ. ಬೆನ್ನಿನ ದಾರವನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ನೋಡಿದರು.

"ಬಿಗಿಯಾಗಿದೆ. ಚೆನ್ನಾಗಿ ಬಂದಿದೆ ಕಣೇ," ಎಂದರು.

ಮದುವೆಯಾದ ಮೇಲೆ ಅವರು ನನ್ನನ್ನು ಹೊಗಳಿದ್ದು ಅದೇ ಮೊದಲು. ಆದರೆ ದಾರ ಸಡಿಲವಾಗಿತ್ತು. ನನ್ನ ಬೆರಳಿಗೇ ತಿಳಿಯುತ್ತಿತ್ತು, ಅವರ ಬೆರಳಿಗೆ ತಿಳಿದಿರಲಿಲ್ಲ. ಅವರು ಟೀ ಕುಡಿಯಲು ಎದ್ದು ಹೋದ ಮೇಲೆ, ಅಷ್ಟನ್ನೂ ಬಿಚ್ಚಿ ಮೊದಲಿನಿಂದ ಹೊಲಿದೆ.