ಅಣ್ಣನ ಉಮೇದುವಾರಿ

ಮಧ್ಯಾಹ್ನ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ಬೆಟಗೇರಿಯ ಹತ್ತಿ ಕಾರ್ಖಾನೆಯ ಕಚೇರಿ ಗೋಡೆಯ ಮೇಲಿನ ಗಡಿಯಾರದಲ್ಲಿ ನಾನೇ ನೋಡಿದ್ದೆ. ಊಟದ ಗಂಟೆ ಹೊಡೆಯುವುದು ಹನ್ನೆರಡೂವರೆಗೆ. ಅಲ್ಲಿಯವರೆಗೆ ಹೊರಗೆ ನಿಂತಿರೋಣವೆಂದುಕೊಂಡು, ಅಣ್ಣನ ಬುತ್ತಿ ಹಿಡಿದು ಹತ್ತಿಯಿಂದ ಬೀಜ ಬೇರ್ಪಡಿಸುವ ಜಿನ್ನಿಂಗ್ ಶೆಡ್ಡಿನ ಬಾಗಿಲ ಬಳಿ ಹೋದೆ. ಒಳಗೆ ಗೋಡೆಯುದ್ದಕ್ಕೂ ಮೊಣಕಾಲೆತ್ತರದಲ್ಲಿ ಕಬ್ಬಿಣದ ಉದ್ದನೆಯ ದಂಡವೊಂದು ತಿರುಗುತ್ತಿತ್ತು. ಅದರಿಂದ ಒಂದೊಂದು ಯಂತ್ರಕ್ಕೂ ಚರ್ಮದ ಪಟ್ಟಾ ಹೋಗಿತ್ತು. ಹತ್ತಿಯ ಧೂಳಿನಲ್ಲಿ ಎಲ್ಲವೂ ಮಂಜಿನೊಳಗಿದ್ದಂತೆ ಕಾಣುತ್ತಿತ್ತು. ಆ ಮಂಜಿನಲ್ಲಿ ಬಿಳಿಯದೇನೋ ದಂಡಕ್ಕೆ ಸುತ್ತಿಕೊಂಡು ರಪರಪ ನೆಲಕ್ಕೆ ಬಡಿಯುತ್ತಿರುವುದನ್ನು ಕಂಡೆ. ಅದು ನನ್ನ ಅಣ್ಣ ಎಂದು ತಿಳಿದೆ.

ಅದು ಅಣ್ಣನಲ್ಲ, ಅಣ್ಣನ ಧೋತರ. ಆದರೆ ಅಷ್ಟು ತಿಳಿಯುವುದಕ್ಕೆ ಹಿಡಿದ ಹೊತ್ತಿನಲ್ಲಿ ನನ್ನೊಳಗೆ ಏನು ಮುರಿಯಿತೋ, ಅದು ಇವತ್ತಿಗೂ ಪೂರ್ತಿ ಕೂಡಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಅವನ ತಂಗಿ ನಾನು, ಗದಗಿನಲ್ಲಿ ಬಿ.ಎ. ಕಡೆಯ ವರ್ಷ ಓದುತ್ತಿದ್ದೆ. ಅಪ್ಪ ದೇವಸ್ಥಾನದ ಪೂಜೆ ಮಾಡುತ್ತಿದ್ದರು. ಅಣ್ಣ ಬಿ.ಕಾಂ. ಮುಗಿಸಿ ಮನೆಯಲ್ಲಿದ್ದ. ಸರಕಾರಿ ನೌಕರಿಯ ವಯಸ್ಸಿನ ಮಿತಿ ದಾಟುವುದಕ್ಕೆ ಬಂದಿದ್ದರಿಂದ ಯಾವುದಾದರೂ ಸರಿ, ಖಾಸಗಿ ಕೆಲಸವೊಂದು ಅವನಿಗೆ ಬೇಕೇ ಬೇಕಿತ್ತು. ಪೂಜೆಯ ಪಾಳಿ ನಮ್ಮ ದೊಡ್ಡಪ್ಪನ ಮಕ್ಕಳಿಗೆ ಹೋಗುವುದಿತ್ತು. ಹಾಗಾಗಿ ಅಪ್ಪನ ನಂತರ ನಮ್ಮ ಮನೆ ನಿಲ್ಲಬೇಕಾದದ್ದು ಅಣ್ಣನ ನೌಕರಿಯ ಮೇಲೆ.

ನೌಕರಿ ಹುಡುಕುವವನಿಗೆ ನಮ್ಮ ಓಣಿಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ. ಕಿವಿ ಮುಚ್ಚುವ ಕೂದಲು ಕತ್ತರಿಸು ಎಂದರು, ಅಣ್ಣ ಕತ್ತರಿಸಿದ. ಕುರ್ಚಿ ತೋರಿಸಿದರೆ ಅಂಚಿಗೆ ಕೂಡು, ಪೂರಾ ಒರಗಿದರೆ ಸೊಕ್ಕು ಅಂತಾರೆ ಎಂದರು. ಅಣ್ಣ ಮನೆಯಲ್ಲೂ ಅಂಚಿಗೇ ಕೂಡತೊಡಗಿದ. ಟೈಪಿಂಗ್ ಕಲಿ ಎಂದರು. ಅವನ ಜತೆ ನಾನೂ ಕಲಿತೆ. ಆಮೇಲೆ ಎಲ್ಲರೂ ಒಂದೇ ಮಾತಿಗೆ ಬಂದರು: ಕಾರಕೂನನ ಜಾಗ ಖಾಲಿಯಾಗಲಿರುವ ಹತ್ತಿ ಕಾರ್ಖಾನೆಯಲ್ಲಿ ಮೊದಲು ಉಮೇದುವಾರಿ ಮಾಡಬೇಕು.

ನಮ್ಮ ಕಡೆ ಇದು ಹಳೆಯ ರೂಢಿ. ಪಗಾರವಿಲ್ಲದೆ ದಿನಾ ಹೋಗುವುದು, ಹೇಳಿದ ಕೆಲಸ ಮಾಡುವುದು, ಹೇಳದಿದ್ದರೂ ಮಾಡುವುದು, ಸಾಹುಕಾರರ ಕಣ್ಣಿಗೆ ಬೀಳುತ್ತಿರುವುದು. ಜಾಗ ತೆರವಾದ ದಿನ ಯಾರ ಮುಖ ಗುರುತಿರುತ್ತದೋ ಅವನಿಗೆ ನೌಕರಿ.

"ಪ್ಯಾಂಟ ಹಾಕ್ಕೊಂಡು ಮಾತ್ರ ಹೋಗಬ್ಯಾಡ," ಎಂದರು ಪಕ್ಕದ ಮನೆಯ ಕಾಕಾ, ನಮ್ಮ ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ. "ಸಾಹುಕಾರ ಹಳೇ ಮನಶಾ. ಪ್ಯಾಂಟಿನ ಹುಡುಗರನ್ನ ಕಂಡ್ರ ಉಡಾಳ ಅಂತಾನ."

"ಕಾಕಾ, ನನಗ ಧೋತರ ಉಟ್ಟ ರೂಢಿ ಇಲ್ಲ. ದಾರ್ಯಾಗ ಬಿಚ್ಚಿ ಬಿತ್ತಂದ್ರ?"

"ಬಿಚ್ಚಿ ಬಿದ್ರ ಎತ್ತಿ ಕಟಗೋ. ನೌಕರಿ ಬಿಚ್ಚಿ ಬಿದ್ರ ಯಾರ್ ಎತ್ತಿ ಕೊಡ್ತಾರ್ಲೇ?"

ಅಪ್ಪ ಒಳಗಿನಿಂದ ತಮ್ಮದೇ ಒಂದು ಧೋತರ ತಂದುಕೊಟ್ಟರು. ದಿನಾ ಬೆಳಿಗ್ಗೆ ಅವರೇ ಅಣ್ಣನಿಗೆ ಕಚ್ಚೆ ಹಾಕಿ ಉಡಿಸಿ ಕಳಿಸುತ್ತಿದ್ದರು. ಪೂಜೆಗೆ ಮೂರ್ತಿಗೆ ಉಡಿಸುವಷ್ಟೇ ಬಿಗಿಯಾಗಿ, ಒಂದು ಎಳೆ ಸರಿಯದ ಹಾಗೆ.

ಆ ದಿನ ದೇವಸ್ಥಾನದಲ್ಲಿ ಯಾರದೋ ಅಭಿಷೇಕ ಇತ್ತು. ಅಪ್ಪ ನಸುಕಿನಲ್ಲೇ ಹೋಗಿದ್ದರು. ಅಣ್ಣ ತಾನೇ ಉಟ್ಟುಕೊಂಡ, ಅವಸರದಲ್ಲಿ, ಸಡಿಲಾಗಿ.

ಮುಂದಿನದು ಅವನು ಹೇಳಿ ತಿಳಿದದ್ದು. ಕಚೇರಿಯಲ್ಲಿ ಅವನಿಗೆ ಆ ಹೊತ್ತು ಕೆಲಸವಿರಲಿಲ್ಲ. ಉಮೇದುವಾರ ಸುಮ್ಮನೆ ನಿಂತದ್ದು ಕಾಣಬಾರದೆಂದು ಯಾರೋ ಕಲಿಸಿದ್ದರು. ಸಾಹುಕಾರರು ಶೆಡ್ಡಿನ ಕಡೆ ಬರುತ್ತಾರೆಂಬ ಸುದ್ದಿ ಕೇಳಿ, ಒಳಗೆ ಹೋಗಿ, ಹೆಂಗಸರು ಆರಿಸಿಟ್ಟ ಹತ್ತಿಯ ಬುಟ್ಟಿಗಳನ್ನು ಗೋಡೆಯ ಕಡೆ ಸರಿಸತೊಡಗಿದ. ಯಾರೂ ಹೇಳಿರಲಿಲ್ಲ. ಬಗ್ಗಿದಾಗ ಧೋತರದ ಹಿಂದಿನ ಚುಂಗು ಪಟ್ಟಾಕ್ಕೆ ಸಿಕ್ಕಿತು. ಹಿಂದಕ್ಕೆ ಎಳೆದಾಗ ಅವನು ಬಲಗೈ ಊರಿದ. ಕೈ ದಂಡಕ್ಕೆ ಬಡಿದು ಮುರಿಯಿತು. ಅಷ್ಟರಲ್ಲಿ ಕಚ್ಚೆ ಬಿಚ್ಚಿಹೋಯಿತು. ಬಟ್ಟೆ ದಂಡಕ್ಕೆ ಸುತ್ತಿಕೊಂಡಿತು, ಅವನು ಹತ್ತಿಯ ರಾಶಿಯ ಮೇಲೆ ಬಿದ್ದ.

ಅಪ್ಪ ಉಡಿಸಿದ್ದರೆ ಬಿಚ್ಚುತ್ತಿರಲಿಲ್ಲ, ಬಟ್ಟೆಯ ಜತೆ ಅವನೂ ದಂಡಕ್ಕೆ ಸಿಗುತ್ತಿದ್ದ. ಈ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಅಪ್ಪನಿಗೆ ಅದು ಎಲ್ಲರಿಗಿಂತ ಮೊದಲು ಹೊಳೆದಿತ್ತು ಎಂಬುದು ಅವರ ಮುಖದಲ್ಲೇ ಕಾಣುತ್ತಿತ್ತು.

ಎಂಜಿನ್ ನಿಲ್ಲಿಸಿದರು. ಹತ್ತಿ ಆರಿಸುವ ಹೆಂಗಸರು ಓಡಿ ಬಂದರು. ಅವರಲ್ಲಿ ವಯಸ್ಸಾದವಳೊಬ್ಬಳು ತನ್ನ ಸೆರಗನ್ನೇ ಅವನ ಮೇಲೆ ಹಾಕಿ, "ಕಣ್ಣ ತಗೀಯಪ್ಪಾ, ಕಣ್ಣ ತಗಿ," ಎಂದು ಕೆನ್ನೆ ತಟ್ಟಿದಳು. ಅವನು ಕಣ್ಣು ತೆರೆದು ಮೊದಲು ಕೇಳಿದ್ದು, "ಸಾಹುಕಾರ್ರು ಬಂದ್ರೇನ್ರಿ?"

"ಬಂದ್ರೂ ನಿನ್ನ ಚಡ್ಡಿ ನೋಡಾಕ ಬರ್ತಾರೇನು? ಮಲಕೋ ಸುಮ್ನ!"

ಸುತ್ತ ನಿಂತವರು ನಕ್ಕರು. ನಗುತ್ತಲೇ ಕೆಲವರು ಅತ್ತರು. ನಾನು ಮಾತ್ರ ಬುತ್ತಿಯನ್ನು ಎದೆಗೆ ಒತ್ತಿ ಹಿಡಿದು ದಂಡಕ್ಕೆ ಸುತ್ತಿದ್ದ ಆ ಬಟ್ಟೆಯನ್ನೇ ನೋಡುತ್ತಿದ್ದೆ.

ಅಂದಿನಿಂದ ನನ್ನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಆ ರಪರಪ ಸದ್ದು. ಓಣಿಯ ಮಗ್ಗಗಳ ಲಾಳಿಯ ಸದ್ದು ನಾನು ಹುಟ್ಟಿದಾಗಿನಿಂದ ಕೇಳಿದ್ದು, ಅದೂ ಈಗ ಬೆಚ್ಚಿಸುತ್ತಿತ್ತು. ಅಂಗಳದಲ್ಲಿ ಅಪ್ಪನ ಧೋತರ ಒಣಗುತ್ತ ಗಾಳಿಗೆ ಬಡಿದುಕೊಂಡರೆ ಹಿಂದಿನ ಬಾಗಿಲಿನಿಂದ ಓಡಾಡುತ್ತಿದ್ದೆ. ಕೆಲವು ದಿನಗಳಾದ ಮೇಲೆ ಅಂಗಳದ ಹಗ್ಗ ಖಾಲಿಯಾಯಿತು. ಅಪ್ಪ ಧೋತರವನ್ನು ದೇವಸ್ಥಾನದ ಬಾವಿಯ ಹತ್ತಿರ ಒಗೆದು ಅಲ್ಲೇ ಒಣಗಿಸಿಕೊಂಡು ಬರುತ್ತಿದ್ದರು.

ಅಣ್ಣನ ಕೈ ಪ್ಲಾಸ್ಟರಿನಲ್ಲಿದ್ದಾಗಲೇ ಲಕ್ಷ್ಮೇಶ್ವರದ ಶಾಲೆಯೊಂದರಿಂದ ಕಾರಕೂನನ ಸಂದರ್ಶನಕ್ಕೆ ಕರೆ ಬಂತು. ಮತ್ತೆ ಓಣಿ ಕೂಡಿತು. ಮುರಿದ ಕೈ ಕಂಡರೆ ಅಪಶಕುನ ಎನ್ನುತ್ತಾರೆ, ಶಲ್ಯ ಹೊದ್ದು ಮುಚ್ಚಿಕೊಂಡು ಹೋಗು ಎಂದರು. ಅವನು ಹಾಗೇ ಹೋದ. ಮಂಡಳಿಯವರು, "ನಾಲ್ಕ ಸಾಲು ಬರದ ತೋರಸ್ರಿ," ಎಂದಾಗ ಶಲ್ಯ ತೆಗೆಯಬೇಕಾಯಿತು. "ಮೊದಲ ಹೇಳಿದ್ರ ಮುಂದಿನ ತಿಂಗಳ ಬರ್ರಿ ಅಂತಿದ್ವಿ. ಮುಚ್ಚಿದ್ಯಾಕ?" ಎಂದರಂತೆ. ಆ ನೌಕರಿಯೂ ಆಗದೆ ಅವನು ಶಲ್ಯ ಮಡಚಿಕೊಂಡು ಮರಳಿದ.

ಆ ದಿನ ಸಂಜೆ ಅಪ್ಪ ನನ್ನನ್ನು ಕರೆದು, "ನಡಿ, ಕಾರ್ಖಾನಿಗೆ ಹೋಗಿ ಬರೂಣು," ಎಂದರು. ಅಣ್ಣನ ಕೈ ಕೂಡುವವರೆಗೆ ಜಾಗ ಕಾದಿರಿಸಲು ಬೇಡಿಕೊಳ್ಳುತ್ತಾರೆಂದು ನಾನು ಎಣಿಸಿದ್ದೆ. ಸಾಹುಕಾರರು ಗಾದಿಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಅವರ ಮಗ. ಅಪ್ಪ ಕೂಡಲಿಲ್ಲ. ನಿಂತೇ ಹೇಳಿದರು:

"ನನ್ನ ಮಗ ಇನ್ನ ಮುಂದ ಧೋತರ ಉಡೂದಿಲ್ರಿ. ನೌಕರಿ ಕೊಡೂದಿದ್ರ ಪ್ಯಾಂಟಿನ ಮ್ಯಾಲೆ ಕೊಡ್ರಿ. ಇಲ್ಲಾಂದ್ರ ಬ್ಯಾಡ್ರಿ."

ಅಪ್ಪ ಯಾರಿಗೂ ಹೀಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸಾಹುಕಾರರು ಕನ್ನಡಕ ತೆಗೆದು ಅವರನ್ನು ನೋಡಿದರು.

"ಧೋತರ ಉಟಗೊಂಡ ಬಾ ಅಂತ ನಾ ಯಾವಾಗ ಹೇಳಿದ್ನಿರಿ, ಆಚಾರ್ರ?"

"ಊರಾಗ ಹಂಗಂತಾರ್ರಿ."

"ಊರು! ನನ್ನ ಮನ್ಯಾಗ ಏನ್ ಅಡಗಿ ಆಗೇತಿ ಅಂತ ನನಗಿಂತ ಮೊದಲ ಊರಿಗೆ ಗೊತ್ತಿರತೈತಿ. ಇಂವನ್ನ ನೋಡ್ರಿ ಇಲ್ಲೆ." ಮಗನನ್ನು ಎಬ್ಬಿಸಿ ನಿಲ್ಲಿಸಿದರು. ಅವನು ಆ ಕಾಲದ ಬೆಲ್‌ಬಾಟಮ್ ಹಾಕಿದ್ದ. "ಇಂವನ ಪ್ಯಾಂಟು ದಿನಾ ನನ್ನ ಆಫೀಸಿನ ಕಸಾ ಹೊಡೀತೈತಿ. ನಾ ಏನರ ಅಂದೀನೇನು?"

ಹುಡುಗ ನಾಚಿ ಕಾಲು ಕೂಡಿಸಿಕೊಂಡ.

"ಮತ್ತ ಉಮೇದುವಾರ್ನ ಮಷೀನ ಹತ್ರ ಕಳಿಸಿದವ್ರು ಯಾರ್ರಿ?" ಎಂದು ನಾನು ಕೇಳಿಬಿಟ್ಟೆ.

"ಯಾರೂ ಕಳಿಸಿಲ್ಲವಾ. ನಾನೂ ಎಲ್ಲಾರನ್ನೂ ಕೇಳಿ ನೋಡೀನಿ." ಅವರ ಧ್ವನಿ ಇಳಿಯಿತು. "ಬರಬ್ಯಾಡ ಅಂತ ನಾನೂ ಹೇಳಲಿಲ್ಲ, ಅದು ಖರೆ. ಪುಕಟ್ ಕೆಲಸಾ ಮಾಡಾವ್ರಿಗೆ ಯಾರ್ ಬ್ಯಾಡ ಅಂತಾರ? ಜಾಗಾ ಈಗ ಬ್ಯಾರೇದವ್ರಿಗೆ ಆಗೇತ್ರಿ, ಆಚಾರ್ರ. ನನಗ ತಪ್ಪ ತಿಳೀಬ್ಯಾಡ್ರಿ."

ಮರಳುವಾಗ ಅಪ್ಪ ನನಗಿಂತ ಮುಂದೆ ಮುಂದೆ ನಡೆದರು. ನೌಕರಿ ಹೋದದ್ದಕ್ಕಿಂತ ಹೆಚ್ಚಾಗಿ, ಯಾರೂ ಕೇಳದ ವೇಷವನ್ನು ಕಟ್ಟಿ ಮಗನನ್ನು ಕಳಿಸಿದ್ದು ಅವರನ್ನು ಕೊರೆಯುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಆಮೇಲೆ ಎಂಬತ್ತರ ದಶಕದಲ್ಲಿ ನಾನು ಶಿರಹಟ್ಟಿಯಲ್ಲಿ ಶಿಕ್ಷಕಿಯಾದೆ. ಓದು ಮುಗಿಸಿದ ಹುಡುಗಿಯರು ಬಂದು, "ಇಂಟರ್‌ವ್ಯೂಕ ಹೆಂಗ ಹೋಗಬೇಕ್ರಿ ಟೀಚರ್?" ಎಂದು ಕೇಳುತ್ತಿದ್ದರು. ಸೀರೆಯ ಬಣ್ಣ, ಜಡೆ, ನಮಸ್ಕಾರದ ರೀತಿ, ಇವೇ ಅವರ ಚಿಂತೆ. ನೌಕರಿ ಕೊಡುವವನ ಮನಸ್ಸು ನಮಗೆ ಕಾಣುವುದಿಲ್ಲ. ಕಾಣದ್ದನ್ನು ಊಹಿಸಿ ಊಹಿಸಿ, ಆ ಊಹೆಗೆ ತಕ್ಕಂತೆ ನಮ್ಮನ್ನು ಕತ್ತರಿಸಿಕೊಳ್ಳುತ್ತೇವೆ. ನಾನು ಅವರಿಗೆ ಒಂದನ್ನೇ ಹೇಳುತ್ತಿದ್ದೆ: ಕೆಲಸ ಕೊಡುವವರಿಗೆ ಏನು ಬೇಕೆಂದು ಅವರನ್ನೇ ಕೇಳಿ, ಕೆಲಸ ಎಲ್ಲಿ ನಿಂತು ಮಾಡಬೇಕೋ ಆ ಜಾಗವನ್ನು ಕಣ್ಣಾರೆ ನೋಡಿ ಬನ್ನಿ. ಹುಡುಗಿಯರಿಗೆ ಇದು ಸಪ್ಪೆ ಎನಿಸುತ್ತಿತ್ತು. ಹಿಟ್ಟಿನ ಗಿರಣಿಗೆ ಹೋದರೆ ನಾನು ಈಗಲೂ ಒಳಗೆ ಕಾಲಿಡದೆ, ಹೊರಗಿನಿಂದಲೇ ಡಬ್ಬಿ ಕೊಡುವವಳು ಎಂಬುದು ಅವರಿಗೇನು ಗೊತ್ತು.

ಇದೆಲ್ಲ ಬಹಳ ನಂತರದ ಮಾತು. ಆಗ, ಪ್ಲಾಸ್ಟರ್ ತೆಗೆದ ಮೇಲೆ ಅಣ್ಣನ ಕೈ ಪೂರ್ತಿ ಚಾಚುತ್ತಿರಲಿಲ್ಲ. ಮುಂಡರಗಿಯಲ್ಲಿ ಬೀಜ, ಗೊಬ್ಬರ ಮಾರುವ ವ್ಯಾಪಾರಿಯೊಬ್ಬರಿಗೆ ಆಳು ಬೇಕೆಂಬ ಸುದ್ದಿ ಬಂದಾಗ ನಾನೂ ಹೊರಟು ನಿಂತೆ.

"ನೌಕರಿ ಕೇಳಾಕ ತಂಗೀನ ಕರಕೊಂಡು ಬಂದಾನ ಅಂತ ನಗತಾರ," ಎಂದ ಅಣ್ಣ.

"ನಗಲಿ."

ಅಣ್ಣ ಪ್ಯಾಂಟು ಹಾಕಿಕೊಂಡು, ಅಂಗಿಯ ತೋಳು ಮಡಚಿಕೊಂಡೇ ಬಂದ. ಸೊಟ್ಟ ಕೈ ಎಲ್ಲರಿಗೂ ಕಾಣುತ್ತಿತ್ತು. ಅವನು ವ್ಯಾಪಾರಿಯ ಮುಂದೆ ಕುಳಿತಾಗ ನಾನು ಹಿಂದಿನ ಗೋದಾಮಿನೊಳಗೆ ಇಣುಕುತ್ತಿದ್ದೆ. ಚೀಲಗಳು, ಒಂದು ತಕ್ಕಡಿ, ಒಂದು ಬೆಕ್ಕು.

"ಏನ್ ಹುಡುಕ್ತೀಯವಾ?"

"ಮಷೀನ್ ಐತೇನ್ರಿ ಇಲ್ಲೆ?"

"ಒಂದ್ ಫ್ಯಾನ್ ಐತಿ. ಅದೂ ತಿರಗೂದಿಲ್ಲ."

ಅಣ್ಣ ತನ್ನ ಡಿಗ್ರಿಯ ವಿಚಾರ ಎತ್ತಲಿಲ್ಲ. "ನಿಮಗ ಎಂಥಾಂವ ಬೇಕಾಗ್ಯಾನ್ರಿ?" ಎಂದು ಕೇಳಿದ.

ವ್ಯಾಪಾರಿ ಗಲ್ಲ ಕೆರೆದುಕೊಂಡರು. "ಹಳ್ಳಿ ಹಳ್ಳಿಗೆ ಸೈಕಲ್ ಹೊಡಿಯಾಂವ ಬೇಕು. ಡೋಣಿ ಕಡೆ ಏರು. ಸಿಂಗಟಾಲೂರ ಕಡೆ ರಸ್ತಾ ಕೆಟ್ಟೈತಿ. ಬೀಜ ಹುಟ್ಟಲಿಲ್ಲಂದ್ರ ರೈತರು ಬೈತಾರ, ಬೈಸ್ಕೊಂಡು ಬರಬೇಕು. ತಿರುಗಿ ಬೈದ್ರ ನನ್ನ ವ್ಯಾಪಾರ ಮುಗೀತು."

"ಬೈಸ್ಕೊಳ್ಳಾಕ ಬರ್ತೈತ್ರಿ. ಸೈಕಲ್ ಬರೂದಿಲ್ಲ. ಕೈ ಹಿಂಗೈತಿ. ಕಲೀತೀನಿ."

"ಬಿದ್ರ?"

"ಬೀಳ್ತೀನ್ರಿ."

ಅವರು ನಕ್ಕರು. ಒಂದು ತಿಂಗಳು ನೋಡೋಣ ಎಂದರು. "ಉಮೇದುವಾರೀನ್ರಿ?" ಎಂದೆ.

"ಇಲ್ಲವಾ. ಈ ಅಂಗಡ್ಯಾಗ ಪುಕಟ್ ದುಡ್ಯಾಂವ ನಾ ಒಬ್ಬನ. ಮೊದಲ ದಿನದಿಂದ ಪಗಾರ."

ಆ ತಿಂಗಳು ಅಣ್ಣ ಮುಂಡರಗಿಯಲ್ಲೇ ಕೋಣೆ ಹಿಡಿದು ಉಳಿದ. ಬಿದ್ದ, ಮೊಣಕಾಲು ತರಚಿಕೊಂಡ, ಹ್ಯಾಂಡಲನ್ನು ಒಂದು ಕಡೆ ತುಸು ತಿರುಗಿಸಿಕೊಂಡರೆ ತನ್ನ ಕೈಗೆ ಎಟುಕುತ್ತದೆಂದು ಕಂಡುಕೊಂಡ. ನಾನು ಮಾತ್ರ ರಾತ್ರಿ ಅವನು ಕಪ್ಪತ್ತಗುಡ್ಡದ ಇಳಿಜಾರಿನಲ್ಲಿ ಬಿದ್ದಂತೆ, ಲಾರಿಯ ಕೆಳಗೆ ಸಿಕ್ಕಂತೆ ಹೊಸ ಹೊಸ ಅಪಾಯಗಳನ್ನು ಕಟ್ಟುತ್ತಿದ್ದೆ. ಅವು ಯಾವುವೂ ಬರಲಿಲ್ಲ.

ತಿಂಗಳು ತುಂಬಿದ ಮರುದಿನ ಸಂಜೆ ಅವನು ಮನೆಗೆ ಬಂದ. ಮುಖ ಬಿಸಿಲಿಗೆ ಕರ್ರಗಾಗಿತ್ತು, ಅಂಗಿಗೆ ಗೊಬ್ಬರದ ವಾಸನೆ. ಚಪ್ಪಲಿ ಬಿಡುತ್ತ, "ಇಟಗೊಂಡ್ರು," ಎಂದ. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಅಪ್ಪ, "ಊಟಕ್ಕ ಕುಂಡ್ರು," ಎಂದಷ್ಟೇ ಹೇಳಿ, ತಾವೇ ಮಣೆ ಹಾಕಿದರು. ಅಣ್ಣ ಗೋಡೆಗೆ ಬೆನ್ನು ಪೂರಾ ಒರಗಿಸಿ ಕುಳಿತು ಮೂರು ರೊಟ್ಟಿ ತಿಂದು, ಸಿಂಗಟಾಲೂರಿನ ರೈತನೊಬ್ಬ ಹೊಳೆಯ ದಂಡೆಯಲ್ಲಿ ನಿಲ್ಲಿಸಿಕೊಂಡು ಬೈದ ಬೈಗುಳವನ್ನು ಸಭ್ಯವಾದಷ್ಟನ್ನೇ ಆರಿಸಿ ಹೇಳಿದ. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. ನಗುತ್ತ ನಗುತ್ತ ನನಗೆ ಎಲ್ಲಿ ಕಣ್ಣು ಮುಚ್ಚಿತೋ ತಿಳಿಯದು.

ಎಚ್ಚರವಾದಾಗ ಬಿಸಿಲು ಹಾಸಿಗೆಯ ಮೇಲೆ ಬಂದಿತ್ತು. ರಾತ್ರಿಯಿಡೀ ಆ ರಪರಪ ಸದ್ದು ಒಮ್ಮೆಯೂ ನನ್ನನ್ನು ಎಬ್ಬಿಸಿರಲಿಲ್ಲ. ಅಣ್ಣ ಆಗಲೇ ಮುಂಡರಗಿಯ ಬಸ್ಸು ಹತ್ತಿ ಹೋಗಿದ್ದ.

"ಎಬ್ಬಸಬ್ಯಾಡ ಅಂದ," ಎಂದಳು ಅವ್ವ.